ಸರ್ಕಾರದ ಕೂಪನ್ನೂ ಭಾವನ ಮನೆಯೂ

ನಮ್ಮ ಭಾವನ ಕೈಯಲ್ಲಿ ಒಂದು ಮನೆ ಕೊಳ್ಳಿಸಬೇಕಾದರೆ ಅಮೆರಿಕದ ದೊಡ್ಡ ದೊಡ್ಡ ಬ್ಯಾಂಕುಗಳೇ ಮುಳುಗಬೇಕಾಯಿತು! ಇದು ಉತ್ಪ್ರೇಕ್ಷೆ ಎಂದು ಅನಿಸಿದರೆ ನಿಮಗೆ ನಮ್ಮ ಭಾವ ಗೊತ್ತಿಲ್ಲ ಎಂದರ್ಥ. ಗೊತ್ತಿಲ್ಲದವರೇ ಪುಣ್ಯವಂತರು.

ಭಾವ ಎಂದರೆ ನನ್ನ ಅಕ್ಕನ ಗಂಡ. ನ್ಯೂಜೆರ್ಸಿಯ ಐಸೆಲಿನ್‌ನಲ್ಲಿ, ನಮ್ಮವರ ಅಂಗಡಿ ಸಾಲಿನ ಹಿಂದಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗಿದ್ದು ಅಲ್ಲೇ ಬೇರುಬಿಟ್ಟವರು. ಆ ಮನೆಯಲ್ಲಿ ಅಕ್ಕ ಒಗ್ಗರಣೆ ಹಾಕಿದರೆ ಸಾಕು, ಸ್ಮೋಕ್ ಅಲಾರಂ ಬಾಯಿ ಬಡಿದುಕೊಳ್ಳುತ್ತಿತ್ತು. ಭಾವ ಪೇಪರು ಹಿಡಿದು ಓಡಿಬಂದು, ಸ್ಟೂಲು ಹತ್ತಿ ಅದಕ್ಕೆ ಗಾಳಿ ಬೀಸುತ್ತಿದ್ದರು. ಸಾಸಿವೆ ಸಿಡಿಯುವುದಕ್ಕೂ ಗಂಡ ಮನೆಯಲ್ಲಿರಬೇಕು ಎಂಬ ಸಂಸಾರವನ್ನು ನೀವೆಲ್ಲಾದರೂ ಕಂಡಿದ್ದೀರಾ?

ಸುತ್ತಮುತ್ತಲಿನ ಕನ್ನಡದವರೆಲ್ಲ ಸಾಲ ಎತ್ತಿ ಬಂಗಲೆ ಕೊಂಡರು. ಗೃಹಪ್ರವೇಶಕ್ಕೆ ಕರೆದು, ಮೆಟ್ಟಿಲಿಗೆ ಹಾಕಿಸಿದ ಮರ ಯಾವುದು ಎಂದು ವಿವರಿಸಿದರು. ಭಾವ ಪಾಯಸವನ್ನು ಎರಡನೇ ಸಲ ಹಾಕಿಸಿಕೊಂಡು, ಒಂದೇ ಒಂದು ಮಾತು ಹೇಳುತ್ತಿದ್ದರು: "ಬೀಳುತ್ತೆ."

ಮನೆಯವರು ಗಾಬರಿಯಿಂದ ಸೂರು ನೋಡುತ್ತಿದ್ದರು.

"ಸೂರಲ್ಲಪ್ಪಾ, ರೇಟು!"

ಬಿತ್ತು. ಮನೆಗಳ ಬೆಲೆ ಬಿತ್ತು, ಷೇರು ಬಿತ್ತು, ನಾನಿರುವ ಹಿಕ್ಸ್‌ವಿಲ್‌ನಿಂದ ನನ್ನ ಜೊತೆ ಮ್ಯಾನ್‌ಹ್ಯಾಟನ್‌ಗೆ ಟ್ರೈನಿನಲ್ಲಿ ಕಮ್ಯೂಟ್ ಮಾಡುತ್ತಿದ್ದ ಬ್ಯಾಂಕಿನವರು ಒಬ್ಬೊಬ್ಬರಾಗಿ ಕಾಣೆಯಾದರು. ಊರಿಗೆಲ್ಲ ಸೂತಕ, ಭಾವನ ಮುಖದಲ್ಲಿ ಮಾತ್ರ ಹಬ್ಬ! "ನಾನ್ ಹೇಳಿರ್ಲಿಲ್ವಾ?" ಎಂದು ಎದೆಯುಬ್ಬಿಸಿ ಕೇಳುವ ಯೋಗ ಮನುಷ್ಯನಿಗೆ ಜನ್ಮಕ್ಕೊಮ್ಮೆ ಬಂದರೆ ಹೆಚ್ಚು. ಭಾವ ಅದನ್ನು ಪ್ರತಿ ವೀಕೆಂಡೂ ಬಳಸಿಕೊಂಡರು.

"ಈಗಲಾದ್ರೂ ಒಂದು ಮನೆ ತಗೊಳ್ರೀ" ಎಂದಳು ಅಕ್ಕ.

"ತಡಿಯೇ, ಇನ್ನೂ ಬೀಳುತ್ತೆ."

ಇಂಥವರನ್ನು ಸೋಫಾದಿಂದ ಎಬ್ಬಿಸಿದ ಕೀರ್ತಿ ಅಮೆರಿಕ ಸರ್ಕಾರಕ್ಕೆ ಸಲ್ಲಬೇಕು. ಮೊದಲ ಸಲ ಮನೆ ಕೊಳ್ಳುವವರಿಗೆ ಎಂಟು ಸಾವಿರ ಡಾಲರಿನವರೆಗೆ ಕೊಡುತ್ತೇವೆ, ಆದರೆ ಇಂಥ ತಾರೀಖಿನೊಳಗೆ ಕೊಳ್ಳಬೇಕು ಎಂದು ಅದು ಪ್ರಕಟಿಸಿತು. ಟ್ಯಾಕ್ಸ್ ಕ್ರೆಡಿಟ್ ಎಂದು ಅದರ ಹೆಸರು. ಭಾವನ ಕಣ್ಣಿಗೆ ಅದು ಕಂಡ ರೂಪವೇ ಬೇರೆ. ಸುದ್ದಿ ಓದಿದವರೇ ನನಗೆ ಫೋನ್ ಮಾಡಿದರು.

"ಕೂಪನ್ ಕಣಮ್ಮಾ! ಗೌರ್ಮೆಂಟೇ ಕೂಪನ್ ಬಿಟ್ಟಿದೆ! ಎಕ್ಸ್‌ಪೈರಿ ಡೇಟ್ ಬೇರೆ ಹಾಕಿದಾರೆ!"

ಕೂಪನ್ ಶಾಸ್ತ್ರದಲ್ಲಿ ಭಾವ ಘನಪಾಠಿಗಳು. ಒಮ್ಮೆ ಐಸ್‌ಕ್ರೀಮಿನ ಕೂಪನ್ನಿನಲ್ಲಿ 'ಒಂದು ಭೇಟಿಗೆ ಒಂದೇ ಡಬ್ಬ' ಎಂದು ಇರುವೆ ಗಾತ್ರದ ಅಕ್ಷರದಲ್ಲಿ ಬರೆದಿತ್ತು. ಭಾವ ಅದನ್ನು ಓದಿ, ಒಂದು ಡಬ್ಬ ಕೊಂಡು, ಕಾರಿನಲ್ಲಿಟ್ಟು, ಮತ್ತೆ ಒಳಗೆ ಹೋದರು. ಕೌಂಟರಿನ ಹುಡುಗಿ ಆಕ್ಷೇಪಿಸಿದಾಗ, "ಇದು ನನ್ನ ಇನ್ನೊಂದು ಭೇಟಿ, ಹೌ ಆರ್ ಯೂ?" ಎಂದು ಹೊಸದಾಗಿ ಕುಶಲ ವಿಚಾರಿಸಿದರು! ಸಾಯಂಕಾಲದ ಹೊತ್ತಿಗೆ ಅಕ್ಕನ ಫ್ರೀಜರಿನಲ್ಲಿ ಹಸಿಮೆಣಸಿನಕಾಯಿಗೂ ಜಾಗವಿರಲಿಲ್ಲ.

ಇಲ್ಲಿ ಭಾವನ ಹೆಸರಿನ ಕಥೆ ಹೇಳದಿದ್ದರೆ ಮುಂದಿನದು ಅರ್ಥವಾಗದು. ಅವರ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೂ ಅವರ ಆಫೀಸಿನಲ್ಲಿ ಯಾರಿಗೂ ಗುರುತು ಸಿಗುವುದಿಲ್ಲ! ನಮ್ಮ ಕಡೆ ಅಪ್ಪನ ಹೆಸರಿನ ಒಂದಕ್ಷರ ನಮ್ಮ ಹೆಸರಿನ ಮುಂದೆ ಇನಿಷಿಯಲ್ ಆಗಿ ಯಾರಿಗೂ ತೊಂದರೆ ಕೊಡದೆ ಕೂತಿರುತ್ತದಲ್ಲ? ಪಾಸ್‌ಪೋರ್ಟಿನವರು ಅದನ್ನು ಬಿಡಿಸಿ ಪೂರ್ತಿ ಬರೆದರು. ಅಮೆರಿಕದವರು ಮುಂದೆ ಇದ್ದದ್ದೇ ಆಸಾಮಿಯ ಹೆಸರು ಎಂದುಕೊಂಡರು. ಹೀಗೆ, ಮೈಸೂರಿನಲ್ಲಿ ಎಂದೋ ತೀರಿಕೊಂಡಿದ್ದ ಭಾವನ ಅಪ್ಪ ಕೃಷ್ಣಮೂರ್ತಿಗಳು ನ್ಯೂಜೆರ್ಸಿಯಲ್ಲಿ ಕೆಲಸಕ್ಕೆ ಸೇರಿದರು. ಭಾವ ಆಫೀಸಿನಲ್ಲಿ 'ಕ್ರಿಶ್' ಆದರು.

ಮದುವೆಯಾಗಿ ಬಂದ ಹೊಸತರಲ್ಲಿ ಅಕ್ಕನಿಗೆ ಇದು ಗೊತ್ತಿರಲಿಲ್ಲ. ಭಾವ ಜ್ವರ ಬಂದು ಮಲಗಿದ್ದ ದಿನ ಆಫೀಸಿನಿಂದ ಫೋನ್ ಬಂತು. "ಕೃಷ್ಣಮೂರ್ತಿ ಹೇಗಿದ್ದಾರೆ?" ಎಂದು ಬಾಸ್ ಇಂಗ್ಲಿಷಿನಲ್ಲಿ ಕೇಳಿದರು. ಪಾಪ, ಮಾವನವರನ್ನು ಇಷ್ಟು ದೂರದವರೂ ನೆನೆಯುತ್ತಾರಲ್ಲ ಎಂದುಕೊಂಡಳು ಅಕ್ಕ. "ಹೀ ಈಸ್ ನೋ ಮೋರ್" ಎಂದು ಫೋನಿಟ್ಟಳು. ಸಂಜೆಗೆ ಬಿಳಿ ಹೂವಿನ ದೊಡ್ಡ ಬುಟ್ಟಿ ಬಂತು! ಜ್ವರ ಬಿಟ್ಟ ಮೇಲೆ ಭಾವ ಆಫೀಸಿಗೆ ಹೋದಾಗ ರಿಸೆಪ್ಷನಿಸ್ಟ್ ಕಾಫಿಯನ್ನು ಮೈಮೇಲೆ ಚೆಲ್ಲಿಕೊಂಡಳಂತೆ.

"ಆ ಹೂವೆಲ್ಲ ಏನ್ಮಾಡಿದ್ರಿ ಭಾವ?"

"ದೇವರಿಗಿಟ್ವಿ. ಫ್ರೀ ಅಲ್ವೇನಮ್ಮಾ!"

ಮುಂದೆ ಸಿಟಿಜನ್‌ಶಿಪ್ ತೆಗೆದುಕೊಳ್ಳುವಾಗ, ಹೆಸರನ್ನು ಅಲ್ಲೇ ಪುಕ್ಕಟೆಯಾಗಿ ಸರಿಮಾಡಿಸಿಕೊಳ್ಳಬಹುದು ಎಂದು ಎಲ್ಲರೂ ಹೇಳಿದೆವು. ಭಾವ "ನೋಡೋಣ" ಎಂದು ಸುಮ್ಮನಾದರು. ನನಗೆ ತಿಳಿದಂತೆ, ಪುಕ್ಕಟೆಯಾಗಿ ಸಿಗುವುದನ್ನು ಅವರು ಬೇಡವೆಂದದ್ದು ಅದೊಂದೇ.

ಅಂತೂ ಕೂಪನ್ನಿನ ಗಡುವಿನೊಳಗೆ ಮನೆ ಸಿಕ್ಕಿತು. ಸಾಲ ತೀರಿಸಲಾಗದವರಿಂದ ಬ್ಯಾಂಕು ಕಿತ್ತುಕೊಂಡು ಅಗ್ಗಕ್ಕೆ ಮಾರುತ್ತಿದ್ದ ಮನೆ. ಗೋಡೆ ಇತ್ತು, ಸೂರಿತ್ತು, ಮನೆ ಬೆಚ್ಚಗಿಡಲು ಬೇಸ್‌ಮೆಂಟಿನಲ್ಲಿ ಬಾಯ್ಲರೂ ಇತ್ತು. ಬಾಯ್ಲರು ಗುಡುಗುತ್ತಿತ್ತು, ಬಿಸಿಯೊಂದು ಬರುತ್ತಿರಲಿಲ್ಲ. ಇದ್ದಬದ್ದ ಉಳಿತಾಯವೆಲ್ಲ ಡೌನ್ ಪೇಮೆಂಟಿಗೆ ಹೋಗಿತ್ತು.

"ಆ ಎಂಟು ಸಾವಿರ ಬರ್ಲಿ, ಹೊಸ ಬಾಯ್ಲರ್ ಹಾಕಿಸೋಣ. ಚಳಿಗೆ ಇನ್ನೂ ಟೈಮಿದೆ" ಎಂದರು ಭಾವ.

ಮನೆ ಬರೆಸಿಕೊಳ್ಳುವ ದಿನ ನಾನೂ ಲಾಯರ್ ಆಫೀಸಿಗೆ ಹೋಗಿದ್ದೆ. ಸಾಲ ಭಾವನ ಸಂಬಳದ ಮೇಲೆ, ಆದ್ದರಿಂದ ಕಾಗದವೆಲ್ಲ ಅವರೊಬ್ಬರ ಹೆಸರಿನಲ್ಲಿ. ಬೇರೆಯವರಾದರೆ ತೋರಿಸಿದಲ್ಲಿ ಸಹಿ ಗೀಚಿ ಎದ್ದುಬಿಡುತ್ತಾರೆ. ಭಾವ ಬಿಡುತ್ತಾರೆಯೇ? ಸಾಲು ಸಾಲಿಗೂ ಬೆರಳಿಟ್ಟು ಓದಿದರು. ಲಾಯರು ಆಕಳಿಸಿದರು, ಸ್ಯಾಂಡ್‌ವಿಚ್ ತರಿಸಿಕೊಂಡು ತಿಂದರು, ಮತ್ತೆ ಆಕಳಿಸಿದರು. ಒಂದು ಹಾಳೆಯ ಮುಂದಂತೂ ಭಾವ ಎಷ್ಟು ಹೊತ್ತು ಕೂತರೆಂದರೆ, ನಿದ್ದೆ ಹೋದರೇನೋ ಎಂದು ನಾನು ಬಗ್ಗಿ ನೋಡಿದೆ. ಆಮೇಲೆ ಸಹಿ ಹಾಕಿದರು. ಬೀಗದ ಕೈ ಕೈಗೆ ಬಂತು.

ಮರದ ಎಲೆ ಉದುರುವ ಹೊತ್ತಿಗೆ ಎಂಟು ಸಾವಿರದ ಅರ್ಜಿಗೆ ಟ್ಯಾಕ್ಸ್ ಇಲಾಖೆಯಿಂದ ಉತ್ತರ ಬಂತು. ಹಣ ಕೇಳುತ್ತಿರುವವರು ಒಬ್ಬರು, ಮನೆ ಕೊಂಡವರು ಇನ್ನೊಬ್ಬರು, ಆದ್ದರಿಂದ ಕೊಡಲು ಬರುವುದಿಲ್ಲ! ಏನಾಗಿತ್ತೆಂದರೆ, ಲಾಯರ್ ಆಫೀಸಿನಲ್ಲಿ ಟೈಪ್ ಮಾಡಿದವರಿಗೆ ಭಾವನ ಉದ್ದನೆಯ ಹೆಸರನ್ನು ನೋಡಿ ಸುಸ್ತಾಗಿತ್ತು. 'ಕೃಷ್ಣ' ಎಂದು ಮೊದಲ ಹೆಸರು, 'ಮೂರ್ತಿ' ಎಂದು ಕೊನೆಯ ಹೆಸರು ಹಾಕಿ, ಭಾವನ ಸ್ವಂತ ಹೆಸರನ್ನು ಕೈಬಿಟ್ಟಿದ್ದರು. ಕಾನೂನಿನ ಪ್ರಕಾರ ಮನೆ ಕೊಂಡದ್ದು ಅಕ್ಕನ ಸ್ವರ್ಗಸ್ಥ ಮಾವನವರು!

ಆ ಶನಿವಾರ ನಾನು ಒಂದು ಸ್ಪೇಸ್ ಹೀಟರ್ ಎತ್ತಿಕೊಂಡು ಹೋದೆ. ಮನೆಯೊಳಗೆ ಎಲ್ಲರೂ ಜಾಕೆಟ್ ಹಾಕಿಕೊಂಡು ಕೂತಿದ್ದರು. "ಟೆಕ್ನಿಕಲಿ, ವೀ ಆರ್ ತಾತಾಸ್ ಟೆನೆಂಟ್ಸ್" ಎಂದಳು ಅಕ್ಕನ ಮಗಳು. ಅಕ್ಕನಿಗೆ ನಗು ಬರಲಿಲ್ಲ.

"ಲಾಯರ್‌ಗೆ ಹೇಳಿ ಹೆಸರು ತಿದ್ದಿಸಿ ಅಂತ ಬಡ್ಕೊಳ್ತಾ ಇದೀನಿ ಕಣೇ. ಒಂದು ಸಹಿ ಅಷ್ಟೇ! ಇವತ್ತು ನಾಳೆ ಅಂತ ಮುಂದೆ ತಳ್ತಿದಾರೆ. ಮಗು ರಾತ್ರಿಯೆಲ್ಲ ಕೆಮ್ಮುತ್ತೆ, ದೋಸೆ ಹಿಟ್ಟು ಉಬ್ಬೋದೇ ಮರೆತಿದೆ. ಇವರಿಗೆ ಏನಾಗಿದೆ ಕೇಳು!"

ನಾನು ಕೇಳಿದೆ. "ಏನ್ ಭಾವ, ಐಸ್‌ಕ್ರೀಂ ಕೂಪನ್ ಬಿಡದೆ ಓದೋರು ನೀವು. ನಿಮ್ಮ ಹೆಸರೇ ಇಲ್ದಿರೋದು ಕಣ್ಣಿಗೆ ಬೀಳ್ಲಿಲ್ವಾ?"

"ಬಿತ್ತು."

"ಬಿತ್ತಾ? ಮತ್ತೆ ಸಹಿ ಹಾಕಿದ್ರಿ?"

ಭಾವ ಜಾಕೆಟ್ಟಿನ ಜಿಪ್ಪು ಮೇಲೆ ಕೆಳಗೆ ಎಳೆದರು.

"ನಮ್ಮಪ್ಪ ಸಾಯೋವರೆಗೂ ಮೈಸೂರಲ್ಲಿ ವಠಾರದಲ್ಲೇ ಇದ್ರು ಕಣಮ್ಮಾ. ಮೇಷ್ಟ್ರ ಸಂಬಳ, ಇನ್ನೆಲ್ಲಿಂದ ಮನೆ ಕಟ್ತಾರೆ? ಗೋಡೆಗೊಂದು ಮೊಳೆ ಹೊಡೆದ್ರೆ ಓನರ್ರು ಬಂದು ನಿಂತ್ಕೊಳ್ಳೋರು. ಅವರಿಗೆ ಬರೋ ಕಾಗದದಲ್ಲೆಲ್ಲ ಹೆಸರಿನ ಕೆಳಗೆ 'ಕೇರ್ ಆಫ್' ಅಂತ ಓನರ್ ಹೆಸರು. ನಾನು ಕಾಲೇಜ್ ಹಾಸ್ಟೆಲ್ಲಿಂದ ಬರೆದ ಕಾಗದಕ್ಕೂ ಹಾಗೇ ಬರೀಬೇಕಿತ್ತು. ಅವತ್ತು ಲಾಯರ್ ಟೇಬಲ್ ಮೇಲೆ ನೋಡ್ತೀನಿ, ಕೃಷ್ಣಮೂರ್ತಿ, ಅದರ ಕೆಳಗೆ ಮನೆ ನಂಬರು. ಮಧ್ಯೆ ಯಾರೂ ಇಲ್ಲ. ಅದನ್ನ ಹೊಡೆದು ಹಾಕಿ ಅಂತ ಹೇಗಮ್ಮಾ ಹೇಳ್ಲಿ?"

ಅಕ್ಕ ಸೆರಗಿಲ್ಲದ ಜಾಕೆಟ್ಟಿನ ತೋಳಿನಲ್ಲೇ ಕಣ್ಣೊರೆಸಿಕೊಂಡು, "ಇದನ್ನ ಮೊದಲೇ ಬಾಯಿಬಿಟ್ಟು ಹೇಳೋಕೆ ಏನಾಗಿತ್ರೀ ನಿಮಗೆ?" ಎಂದು ಗದರಿ, ತಾನೇ ಲಾಯರಿಗೆ ಫೋನ್ ಹಚ್ಚಿದಳು. ಮನೆಪತ್ರ ಹಾಗೇ ಇರಬೇಕು, ಹಣವೂ ಬರಬೇಕು, ದಾರಿ ಹೇಳಿ! ದಾರಿಯೂ ಇತ್ತು. ಎರಡು ಹೆಸರಿನವರೂ ಒಬ್ಬರೇ ಎಂದು ನೋಟರಿಯ ಮುಂದೆ ಪ್ರಮಾಣ ಮಾಡಿ ಕಳಿಸಿದರೆ ಸಾಕಂತೆ.

ಕಳಿಸಿದ್ದಾಯಿತು, ಹಣವೂ ಬಂತು, ಗುಡುಗುವ ಬಾಯ್ಲರ್ ಹೋಗಿ ಹೊಸದೂ ಬಂತು. ಅದೆಲ್ಲ ಇರಲಿ. ನನಗೆ ಮರೆಯಲಾಗದ್ದು ಆ ನೋಟರಿಯ ಅಂಗಡಿ. ಓಕ್ ಟ್ರೀ ರೋಡಿನಲ್ಲಿ ವಿಮಾನದ ಟಿಕೆಟ್ಟು, ಪಾಸ್‌ಪೋರ್ಟ್ ಫೋಟೋ, ಪ್ರಮಾಣಪತ್ರ ಮೂರನ್ನೂ ಒಂದೇ ಕೌಂಟರಿನಲ್ಲಿ ನೋಡಿಕೊಳ್ಳುತ್ತಿದ್ದ ಗುಜರಾತಿ ಅಂಕಲ್ ಒಬ್ಬರು, ಕನ್ನಡಕ ಏರಿಸಿ ಕಾಗದ ಓದಿ, ಭಾವನ ಬಲಗೈ ಎತ್ತಿಸಿದರು.

"ಬೋತ್ ಆರ್ ದಿ ಸೇಮ್ ಪರ್ಸನ್?"

ಚರ್ಚೆಯಿಲ್ಲದೆ ಯಾರಿಗೂ ಉತ್ತರ ಕೊಡದ ನಮ್ಮ ಭಾವ, ಶಾಲೆಯಲ್ಲಿ ಹಾಜರಿ ಹೇಳುವ ಹುಡುಗನಂತೆ ನೆಟ್ಟಗೆ ನಿಂತು "ಯೆಸ್ ಸಾರ್" ಎಂದರು.