ಗುರುಪುತ್ರಪ್ಪ ಮಾಸ್ತರರ ಎರಡು ಕ್ಯಾಸೆಟ್ಟು

ಗುರುಪುತ್ರಪ್ಪ ಮಾಸ್ತರರು ಒಂದು ಸಹಿ ಮಾಡಿ ಕೆಟ್ಟರು.

ಖಾನಾಪುರದ ಅವರ ಹೈಸ್ಕೂಲಿಗೆ ಎಂಬತ್ತಾರರಲ್ಲಿ ಸರಕಾರದಿಂದ ಒಂದು ಕಂಪ್ಯೂಟರ್ ಬಂದಿತ್ತು. ಅದರ ಜೊತೆಗೆ ಒಂದು ಟೀವಿ, ಒಂದು ಟೇಪ್ ರೆಕಾರ್ಡರ್. ಟೈಪ್ ಮಾಡಿದ್ದನ್ನೆಲ್ಲ ಆ ಯಂತ್ರ ಹಾಡಿನ ಕ್ಯಾಸೆಟ್ಟಿನಲ್ಲಿಯೇ ತುಂಬಿಡುತ್ತಿತ್ತು. ಗಣಿತ, ವಿಜ್ಞಾನ ಕಲಿಸುವ ಗುರುಪುತ್ರಪ್ಪನವರನ್ನು ಹತ್ತು ದಿನ ತರಬೇತಿಗೆಂದು ಬೆಳಗಾವಿಗೆ ಕಳಿಸಿದರು. ಹೊಸ ಅಳಿಯನ ಉಮೇದಿಯಲ್ಲಿ ತಿರುಗಿ ಬಂದ ಅವರು, ಗೆದ್ದಲು ಹತ್ತಿದ್ದ ಹಳೆಯ ದಾಖಲಾತಿ ರಜಿಸ್ಟರನ್ನು ಎದುರಿಗಿಟ್ಟುಕೊಂಡು, ಶಾಲೆ ಸುರುವಾದ ವರ್ಷದಿಂದ ಸೇರಿದ ಮಕ್ಕಳ ಹೆಸರು, ಹುಟ್ಟಿದ ದಿನ, ಮಾತೃಭಾಷೆ ಎಲ್ಲವನ್ನೂ ಎಂಟು ತಿಂಗಳು ಕೂತು ಟೈಪ್ ಮಾಡಿದರು. ತರಬೇತಿ ಕೊಟ್ಟವರು ಎರಡು ಪ್ರತಿ ಮಾಡಿಡಿ ಎಂದಿದ್ದರು. ಎರಡು ಕ್ಯಾಸೆಟ್ಟು ಮಾಡಿದರು. ಆಮೇಲೆ ಹೆಡ್ ಮಾಸ್ತರ ಪಂಢರಿನಾಥರು ಮುಂದೆ ಹಿಡಿದ ಕಾಗದಕ್ಕೆ ಗುರುಪುತ್ರಪ್ಪನವರು ಸಹಿ ಹಾಕಿದರು: ‘ಎಲ್ಲ ಮಾಹಿತಿ ಕ್ಯಾಸೆಟ್ಟಿನಲ್ಲಿ ಭದ್ರವಾಗಿದೆ. ಹಳೆಯ ರಜಿಸ್ಟರನ್ನು ನನ್ನ ಸಮಕ್ಷಮ ಸುಡಲಾಗಿದೆ.’

ಸಮಕ್ಷಮವೇನೂ ಸುಟ್ಟಿರಲಿಲ್ಲ. ಸುಡು ಎಂದು ಶಾಲೆಯ ಸಿಪಾಯಿ ಶಿವಬಸವ್ವನ ಕೈಗೆ ಕೊಟ್ಟು, ಆರನೆಯ ಪಿರಿಯಡ್ಡಿಗೆ ಹೋಗಿದ್ದರು.

ಮುಂದೆ ಒಂದು ತಿಂಗಳಿಗೆ ಊರಲ್ಲಿ ಗದ್ದಲ ಎದ್ದಿತು. ಭರಮಣ್ಣನವರು ಕನ್ನಡದವರ ಮುಂದಾಳು, ಬಾಳಾಸಾಹೇಬರು ಮರಾಠಿಯವರ ಮುಂದಾಳು. ಇಬ್ಬರಿಗೂ ಒಂದೊಂದು ವಾರಪತ್ರಿಕೆ. ಈ ಶಾಲೆ ಕನ್ನಡದ ಮಕ್ಕಳನ್ನು ಮರಾಠಿಯವರೆಂದು ಬರೆಯುತ್ತಿದೆ ಎಂದು ಭರಮಣ್ಣನವರ ಪತ್ರಿಕೆ ಬರೆಯಿತು. ಮರಾಠಿ ಮಕ್ಕಳನ್ನು ಕನ್ನಡದವರೆಂದು ಬರೆಯುತ್ತಿದೆ ಎಂದು ಬಾಳಾಸಾಹೇಬರದು ಬರೆಯಿತು. ಆ ಪತ್ರಿಕೆಯನ್ನು ನಂಬಬೇಡಿ ಎಂಬ ಮಾತು ಎರಡರಲ್ಲಿಯೂ ದಪ್ಪಕ್ಷರದಲ್ಲಿ ಇರುತ್ತಿತ್ತು. ಎರಡೂ ಅಚ್ಚಾಗುತ್ತಿದ್ದುದು ಶಹಾಪುರದ ಒಂದೇ ಪ್ರೆಸ್ಸಿನಲ್ಲಿ. ಎರಡಕ್ಕೂ ಮೊಳೆ ಜೋಡಿಸುವವನು ಒಬ್ಬನೇ.

ಬನ್ನಿ ಹಂಚಿದ ಮರುದಿನ, ಸೂಟಿ ಇದ್ದರೂ, ಇಲಾಖೆಯ ಸಾಹೇಬರು ಬಂದು, ಇಬ್ಬರೂ ಮುಂದಾಳುಗಳನ್ನು ಕರೆಸಿಕೊಂಡು, ತನಿಖೆಗೆ ಕೂತರು. ಗುರುಪುತ್ರಪ್ಪನವರ ನಿವೃತ್ತಿಗೆ ಆಗ ಎಂಟು ತಿಂಗಳು ಬಾಕಿ. ದಾಖಲೆ ತೋರಿಸಿದರೆ ಪೆನ್ಶನ್, ಇಲ್ಲದಿದ್ದರೆ ಸಸ್ಪೆಂಡ್ ಎಂದು ಸಾಹೇಬರು ಬಂದ ಕೂಡಲೇ, ಚಹಾ ಬರುವ ಮೊದಲೇ, ಹೇಳಿಬಿಟ್ಟರು.

ಗುರುಪುತ್ರಪ್ಪನವರು ಹೆದರಲಿಲ್ಲ. ಪೂಜೆಯ ಮೇಜಿನಿಂದ ಕ್ಯಾಸೆಟ್ಟುಗಳನ್ನು ತೆಗೆದರು. ಖಂಡೇನವಮಿಗೆ ಶಾಲೆಯ ಹತ್ಯಾರಗಳನ್ನೆಲ್ಲ ಅಲ್ಲಿ ಪೂಜೆಗೆ ಇಡುವುದು ಪದ್ಧತಿ: ಗಂಟೆ, ತಕ್ಕಡಿ, ಬೆತ್ತ, ಪ್ರಯೋಗಶಾಲೆಯ ಸಾಮಾನು. ಪೂಜೆಗಿಟ್ಟದ್ದನ್ನು ಬನ್ನಿ ಮುಗಿಯುವ ತನಕ ಮುಟ್ಟುವಂತಿಲ್ಲ. ಈ ಸಲ ಕೆಂಪು ಬಟ್ಟೆಯ ಕೆಳಗಿನ ಮಣೆ ಒಂದು ಕಡೆ ತುಸು ಎತ್ತರವಾಗಿ, ಇಟ್ಟದ್ದೆಲ್ಲ ಜಾರುತ್ತಿತ್ತು. ಅದೊಂದು ಬಿಟ್ಟರೆ ಪೂಜೆ ಚೆನ್ನಾಗಿಯೇ ಆಗಿತ್ತು.

ಮೊದಲನೆಯ ಕ್ಯಾಸೆಟ್ಟಿನ ವಿಭೂತಿ ಒರೆಸಿ ಹಾಕಿದರು. ಟೀವಿಯ ಮೇಲೆ ‘ಹುಡುಕುತ್ತಿದ್ದೇನೆ’ ಎಂಬರ್ಥದ ಇಂಗ್ಲಿಷ್ ಪದ ಮೂಡಿತು. ಅರ್ಧ ತಾಸಾದರೂ ಅದು ಹುಡುಕುತ್ತಲೇ ಇತ್ತು. ಎರಡನೆಯದನ್ನು ಹಾಕಿದರು. ಮತ್ತೆ ಹುಡುಕತೊಡಗಿತು. ಮಂಗಲ ಕಾರ್ಯಾಲಯದ ಬಾಗಿಲಲ್ಲಿ ಚಪ್ಪಲಿ ಕಳಕೊಂಡವನೂ ಅಷ್ಟು ಹುಡುಕುವುದಿಲ್ಲ.

“ಮಶೀನ್ ಕೆಟ್ಟೇತ್ರಿ ಸಾಹೇಬ್ರ,” ಎಂದರು ಗುರುಪುತ್ರಪ್ಪನವರು. “ಬೆಳಗಾಂವಿ ಕ್ಯಾಂಪಿನ್ಯಾಗ ತಮ್ಮಣ್ಣ ಅಂತ ಅದಾರ, ಮಿಲಿಟರಿ ವಾಯರ್‌ಲೆಸ್‌ನ್ಯಾಗ ಇದ್ದವ್ರು. ತೋರಿಸಿಕೊಂಡು ಬರ್ತೀನ್ರಿ.”

ನಾಲ್ಕು ಗಂಟೆಯೊಳಗೆ ಬರಬೇಕೆಂದು ಸಾಹೇಬರು ಒಪ್ಪಿದರು. ಆದರೆ ಮಾಸ್ತರರು ಒಬ್ಬರೇ ಹೋಗುವುದಕ್ಕೆ ಮುಂದಾಳುಗಳು ಒಪ್ಪಲಿಲ್ಲ. ಹಾದಿಯಲ್ಲಿ ಅದಲು ಬದಲು ಮಾಡಿದರೆ ಏನು ಗತಿ ಎಂದು ಭರಮಣ್ಣನವರು ಕೇಳಿದರು. ಭರಮಣ್ಣನವರು ಸಂಗಡ ಹೋದರೆ ಅದಲು ಬದಲು ಆಗಿಯೇ ಆಗುತ್ತದೆ ಎಂದು ಬಾಳಾಸಾಹೇಬರು ಹೇಳಿದರು. ಕಡೆಗೆ ಎರಡೂ ಕ್ಯಾಸೆಟ್ಟುಗಳನ್ನು ಪಂಢರಿನಾಥರ ಟವೆಲ್ಲಿನಲ್ಲಿ ಸುತ್ತಿ, ಅದಕ್ಕೆ ಭರಮಣ್ಣನವರು ಒಂದು ಗಂಟು, ಬಾಳಾಸಾಹೇಬರು ಒಂದು ಗಂಟು ಹಾಕಿದರು. ಬಸ್ಸಿನ ಮೂರು ಮಂದಿಯ ಸೀಟಿನಲ್ಲಿ ಮಾಸ್ತರರು ನಡುವೆ ಕೂತರು. ತೊಡೆಯ ಮೇಲೆ ಗಂಟು. ಬಲಗಡೆಯವರು ಒಂದು ತುದಿ ಹಿಡಿದಿದ್ದರು, ಎಡಗಡೆಯವರು ಇನ್ನೊಂದು.

“ಅಸ್ಥಿ ಏನ್ರಿ ಅದು?” ಎಂದು ಕಂಡಕ್ಟರ್ ಮೆಲ್ಲಗೆ ಕೇಳಿದ. “ಯಾರು ಹೋದ್ರು?”

“ಇನ್ನೂ ಯಾರೂ ಹೋಗಿಲ್ಲಪಾ,” ಎಂದರು ಗುರುಪುತ್ರಪ್ಪನವರು.

ಕ್ಯಾಂಪಿನ ಇಗರ್ಜಿಯ ಹಿಂದಿನ ಸಣ್ಣ ಅಂಗಡಿಯಲ್ಲಿ ತಮ್ಮಣ್ಣನವರು ರೇಡಿಯೋ ಬಿಚ್ಚಿಕೊಂಡು ಕೂತಿದ್ದರು. ಕ್ಯಾಸೆಟ್ಟನ್ನು ಒಂದು ಸಾದಾ ಟೇಪಿನಲ್ಲಿ ಹಾಕಿ ಕಿವಿ ಕೊಟ್ಟರು. ಮಾಹಿತಿ ಇದ್ದರೆ ಜೀರುಂಡೆಗಳು ಜಗಳಾಡಿದಂತೆ ಕೇಳಬೇಕಂತೆ. ಇದರಲ್ಲಿ ಸುಂಯ್ ಎಂಬ ಶಬ್ದ, ನಡುನಡುವೆ ಒಂದು ಗೊಣಗಾಟ, ಅಷ್ಟೇ. ಆ ಗೊಣಗಾಟ ಮರಾಠಿಯದೇ ಎಂದು ಭರಮಣ್ಣನವರು ಹೇಳಿದರು. ಅದು ಪಕ್ಕಾ ಕನ್ನಡ, ಧಾರವಾಡ ಕಡೆಯದು ಎಂದರು ಬಾಳಾಸಾಹೇಬರು. ತಮ್ಮಣ್ಣನವರು ಇಬ್ಬರನ್ನೂ ಹೊರಗಿನ ಬೆಂಚಿಗೆ ಕಳಿಸಿದರು.

“ಮಾಸ್ತರ, ಇವನ್ನ ಅಯಸ್ಕಾಂತದ ಬಾಜು ಇಟ್ಟಿದ್ರೇನು?”

ಗುರುಪುತ್ರಪ್ಪನವರ ಕಣ್ಣ ಮುಂದೆ ಪೂಜೆಯ ಮೇಜು ಬಂತು. ಎತ್ತರದ ಮಣೆಯಿಂದ ಕ್ಯಾಸೆಟ್ಟುಗಳು ಜಾರುತ್ತಿದ್ದವು. ಜಾರದಿರಲಿ ಎಂದು ಪ್ರಯೋಗಶಾಲೆಯ ಅತಿ ದೊಡ್ಡ ಲಾಳದ ಅಯಸ್ಕಾಂತವನ್ನು ತಾವೇ ಎತ್ತಿ ಅವುಗಳ ಮೇಲೆ ಇಟ್ಟಿದ್ದರು. ಅದಕ್ಕೊಂದು ಚೆಂಡು ಹೂವನ್ನೂ ಏರಿಸಿದ್ದರು. ಎರಡು ಪ್ರತಿ, ಎರಡೂ ಒಂದರ ಮೇಲೊಂದು, ಎರಡು ರಾತ್ರಿ.

“ಪೂಜಾಕ್ಕ ಇಟ್ಟಿದ್ದೆ,” ಎಂದರು.

“ಒಂದನ್ನರ ಮನ್ಯಾಗ ಇಡಬೇಕಿತ್ತು.”

“ಪೂಜಿ ಎರಡಕ್ಕೂ ಆಗ್ಲಿ ಅನಿಸ್ತು.”

ಮೂವತ್ತೆರಡು ವರ್ಷ ಎಂಟನೆಯ ಇಯತ್ತೆಗೆ ಅಯಸ್ಕಾಂತದ ಪಾಠ ಕಲಿಸಿದ ಮನುಷ್ಯ ಅಂಗಡಿಯ ಸ್ಟೂಲಿನ ಮೇಲೆ ಗೋಡೆ ಹಿಡಿದು ಕೂತ. ತಮ್ಮಣ್ಣನವರು ಚಹಾ ತರಿಸಿದರು. ರೊಕ್ಕ ತಗೊಳ್ಳಲಿಲ್ಲ. ಅದು ಇನ್ನಷ್ಟು ಹೆದರಿಕೆ ಹುಟ್ಟಿಸಿತು. ಉಳಿಯದ ರೋಗಿಯ ಕೈಯಿಂದ ಡಾಕ್ಟರು ಫೀ ತಗೊಳ್ಳುವುದಿಲ್ಲ.

ತಿರುಗಿ ಬರುವಾಗ ಗಂಟಿನ ತುದಿಯನ್ನು ಯಾರೂ ಹಿಡಿಯಲಿಲ್ಲ. ನಿಮ್ಮವರೇ ಅಳಿಸಿದ್ದು, ನಿಮ್ಮವರೇ ಅಳಿಸಿದ್ದು ಎಂದು ಮುಂದಾಳುಗಳು ಮಾಸ್ತರರ ಮೂಗಿನ ಮುಂದೆಯೇ ಖಾನಾಪುರದ ತನಕ ವಾದಿಸಿದರು. ಗುರುಪುತ್ರಪ್ಪನವರು ಕಿಟಕಿಯ ಹೊರಗಿನ ಭತ್ತದ ಗದ್ದೆ ನೋಡುತ್ತ, ಪೆನ್ಶನ್ ಇಲ್ಲದೆ ಮನೆ ಹೇಗೆ ನಡೆದೀತು ಎಂದು ಯೋಚಿಸಿದರು. ಗದ್ದೆ ತಮ್ಮದಿದ್ದರೆ ಅದೂ ಒಂದು ಮಾತು.

ಸಾಹೇಬರು ಎಲ್ಲ ಕೇಳಿಕೊಂಡು ಪೆನ್ನಿನ ಮುಚ್ಚಳ ತೆಗೆದರು. ಆಗ ಬಾಗಿಲಲ್ಲಿ ಶಿವಬಸವ್ವ ಬಂದು ನಿಂತಳು.

“ಎಪ್ಪಾ, ಒಂದ್ ಮಾತ್ರಿ. ಆ ರಜಿಸ್ಟರ ನಾ ಸುಟ್ಟಿಲ್ಲರಿ.”

ಎಲ್ಲರೂ ಅವಳ ಕಡೆ ತಿರುಗಿದರು.

“ಅಕ್ಷರ ಇದ್ದದ್ದನ್ನ ಹೆಂಗ ಸುಡ್ಲಿರಿ? ಕಾಲು ಹತ್ತಿದ್ರ ಕಣ್ಣಿಗೊತ್ಕೊಳ್ಳೂ ಮಂದಿ ನಾವು. ಗೆದ್ದಲ ಝಾಡಿಸಿ ಬಿಸಲಿಗಿಟ್ಟಿದ್ನಿ. ಪೂಜಿ ಆಗ್ಲೆಂತ ಮಣಿ ಮ್ಯಾಲ, ಕೆಂಪ್ ಅರಿವಿ ಬುಡಕ ಇಟ್ಟೀನ್ರಿ.”

ಮಣೆ ಯಾಕೆ ಎತ್ತರವಾಗಿತ್ತು ಎಂಬುದು ಗುರುಪುತ್ರಪ್ಪನವರಿಗೆ ಆಗ ತಿಳಿಯಿತು. ಓಡಿ ಹೋಗಿ ಬಟ್ಟೆ ಎತ್ತಿದರು. ಅಂಚುಗಳನ್ನು ಗೆದ್ದಲು ತಿಂದಿದ್ದರೂ ಅಕ್ಷರ ಒಂದೂ ಕೆಟ್ಟಿರದ ರಜಿಸ್ಟರು ಅಲ್ಲಿತ್ತು. ಅದನ್ನು ಎದೆಗವಚಿಕೊಂಡು ತಂದು ಸಾಹೇಬರ ಮುಂದೆ ಇಟ್ಟರು. ಬೆಳಗಿನಿಂದ ಮೊದಲ ಸಲ ನಕ್ಕರು.

ಸಾಹೇಬರು ಮೊದಲನೆಯ ಪುಟ ತೆರೆದು, ಗಟ್ಟಿಯಾಗಿ ಓದತೊಡಗಿದರು. ಐವತ್ತೊಂದರ ಜೂನ್. ಹನ್ನೊಂದನೆಯ ನಂಬರು, ಭರಮಣ್ಣ. ಮಾತೃಭಾಷೆ: ‘ಎರಡೂ’. ಹನ್ನೆರಡನೆಯ ನಂಬರು, ಬಾಳಾಸಾಹೇಬ. ಮಾತೃಭಾಷೆ: ‘ಎರಡೂ’. ಪುಟ ತಿರುವಿದರು. ತಂದೆ ಒಂದು ಮಾತಿನವನು, ತಾಯಿ ಇನ್ನೊಂದರವಳು ಇದ್ದಲ್ಲೆಲ್ಲ ಆ ಕಾಲದ ಯಾರೋ ಪುಣ್ಯಾತ್ಮ ಗುಂಡಗೆ ಹಾಗೆಯೇ ಬರೆದಿದ್ದ. ಅರ್ಧ ಊರೇ ‘ಎರಡೂ’ ಆಗಿತ್ತು. ಟೈಪ್ ಮಾಡುವಾಗ ಗುರುಪುತ್ರಪ್ಪನವರು ಅಕ್ಷರ ನೋಡಿದ್ದರು, ಮನುಷ್ಯರನ್ನು ನೋಡಿರಲಿಲ್ಲ.

ಮುಂದಾಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ದಿನ ಅವರಿಬ್ಬರೂ ಹಾಗೆ ನೋಡಿಕೊಂಡದ್ದು ಅದೇ ಮೊದಲು.

“ಇದು ಖೊಟ್ಟಿ ರಜಿಸ್ಟರ,” ಎಂದರು ಭರಮಣ್ಣನವರು.

“ಖೊಟ್ಟಿನೇ,” ಎಂದರು ಬಾಳಾಸಾಹೇಬರು. “ಖರೇ ದಾಖಲೆ ಕ್ಯಾಸೆಟ್ಟಿನ್ಯಾಗ ಇತ್ತು. ಅದನ್ನ ಅಳಿಸಿ ಇದನ್ನ ತಂದಿಟ್ಟಾರ.”

“ಆ ದಾಖಲೆನಽ ಸುಳ್ಳು ಅಂತ ಪತ್ರಿಕಾದಾಗ ಬರದವ್ರು ನೀವಽ ಅಲ್ರೀ?” ಎಂದರು ಗುರುಪುತ್ರಪ್ಪನವರು.

ಸಾಹೇಬರು ಫೈಲಿನಿಂದ ಒಂದು ಕಾಗದ ತೆಗೆದು ಮಾಸ್ತರರ ಮುಂದೆ ಹಿಡಿದರು.

“ಈ ಸಹಿ ನಿಮ್ಮದ ಏನ್ರಿ?”

“ಹೌದ್ರಿ.”

“ಇದರ ಪ್ರಕಾರ ರಜಿಸ್ಟರ್ ನಿಮ್ಮ ಸಮಕ್ಷಮ ಸುಟ್ಟು ಹೋಗೇತಿ. ಸುಟ್ಟದ್ದು ತಿರುಗಿ ಹೆಂಗ ಬಂತು? ಇದು ಖರೇ ಇದ್ರ ನೀವು ಬರದದ್ದು ಸುಳ್ಳು. ನೀವು ಬರದದ್ದು ಖರೇ ಇದ್ರ ಇದು ಸುಳ್ಳು. ಯಾವುದಕ್ಕ ಸಸ್ಪೆಂಡ್ ಮಾಡ್ಲಿ, ನೀವ ಹೇಳ್ರಿ.”

ಪಂಢರಿನಾಥರು ಕಿಟಕಿಯ ಹೊರಗೆ ಏನೋ ಮಹತ್ವದ್ದು ಕಂಡವರಂತೆ ಅತ್ತ ತಿರುಗಿದರು. ತಪ್ಪು ತನ್ನದೆಂದು ಶಿವಬಸವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಿನ್ನದೇನೂ ತಪ್ಪಿಲ್ಲವ್ವ ಎಂದು ಗುರುಪುತ್ರಪ್ಪನವರು ಅವಳಿಗೇ ಸಮಾಧಾನ ಹೇಳಬೇಕಾಯಿತು.

ಆ ವಾರ ಎರಡೂ ಪತ್ರಿಕೆಗಳಲ್ಲಿ ಮೊದಲ ಸಲ ಒಂದೇ ಸುದ್ದಿ ಬಂತು. ಮಾಸ್ತರರ ಫೋಟೋದ ಬ್ಲಾಕು ಒಂದು ಮಾಡಿಸಿದ್ದು ಎರಡಕ್ಕೂ ಸಾಕಾಯಿತೆಂದು ಶಹಾಪುರದ ಪ್ರೆಸ್ಸಿನವನು ಖುಷಿಪಟ್ಟನಂತೆ.

ಆದರೆ ಅದು ಆಮೇಲಿನ ಮಾತು. ಅಂದು ಸಾಹೇಬರು ಸಸ್ಪೆಂಡ್ ಆರ್ಡರ್ ಬರೆದು ಮುಗಿಸುವ ಹೊತ್ತಿಗೆ ಫ್ಯಾನಿನ ಗಾಳಿಗೆ ಕಾಗದ ಹಾರತೊಡಗಿತು. ಅವರು ಸುತ್ತ ನೋಡಿ, ಪೂಜೆಯ ಮೇಜಿನಿಂದ ಆ ಲಾಳದ ಅಯಸ್ಕಾಂತವನ್ನು ತರಿಸಿ ಅದರ ಮೇಲೆ ಇಟ್ಟರು. ಗುರುಪುತ್ರಪ್ಪನವರು ಬಹಳ ಹೊತ್ತು ಅದನ್ನೇ ನೋಡುತ್ತ ನಿಂತರು. ಮೂರು ಸಾವಿರ ಮಕ್ಕಳ ಹೆಸರನ್ನು ಎರಡು ರಾತ್ರಿಯಲ್ಲಿ ಅಳಿಸಿದ ಅಯಸ್ಕಾಂತಕ್ಕೆ ಆ ಕಾಗದದ ಮೇಲಿನ ಒಂದು ಹೆಸರನ್ನು ಅಳಿಸುವ ಶಕ್ತಿ ಇರಲಿಲ್ಲ.