ಮಹಡಿ ಮೇಲೆ ವೆಸ್ಟ್ ಇಂಡೀಸ್

ಕೆರಿಬಿಯನ್ ಸಮುದ್ರ ಎಲ್ಲಿದೆ ಎಂದು ನಮ್ಮ ಚಿಕ್ಕಪ್ಪನನ್ನು ಕೇಳಿ ನೋಡಿ. ಕಂಬದೂರು ದಾಟಿ ಎಡಕ್ಕೆ ತಿರುಗಿದರೆ ಸಿಕ್ಕೇಬಿಡುತ್ತದೆ ಎನ್ನುವ ಹಾಗೆ ಕೈ ತೋರಿಸುತ್ತಾನೆ! ಕಲ್ಯಾಣದುರ್ಗದಲ್ಲಿ ಗೇಟು, ಕಿಟಕಿ ಗ್ರಿಲ್ಲು ವೆಲ್ಡಿಂಗ್ ಮಾಡುವ ಮನುಷ್ಯ. ಸಮುದ್ರ ಕಂಡಿದ್ದು ಜೀವಮಾನದಲ್ಲಿ ಒಂದೇ ಸಲ, ತಿರುಪತಿಗೆ ಹೋದವರು ಹಾಗೇ ಮದ್ರಾಸಿಗೂ ಹೋಗಿ ಬಂದಾಗ. ಅದು ಅವನಿಗೆ ಹಿಡಿಸಲಿಲ್ಲ. ಉಪ್ಪು ಜಾಸ್ತಿ ಅಂದ. ಆದರೂ ಅವನ ಪ್ರಾಣವೆಲ್ಲ ಆ ದೂರದ ದ್ವೀಪಗಳಲ್ಲೇ ಇದೆ.

ಎಲ್ಲ ಕ್ರಿಕೆಟ್ಟಿನ ಮಹಿಮೆ. ಹುಡುಗನಾಗಿದ್ದಾಗ ಹೊಲದ ಬದುವಿನ ಮೇಲೆ ಟ್ರಾನ್ಸಿಸ್ಟರ್ ಇಟ್ಟುಕೊಂಡು ಕಾಮೆಂಟರಿ ಕೇಳುತ್ತಾ ವೆಸ್ಟ್ ಇಂಡೀಸ್ ತಂಡಕ್ಕೆ ಕೊಟ್ಟ ಮನಸ್ಸನ್ನು ಇವತ್ತಿನವರೆಗೂ ವಾಪಸ್ ತೆಗೆದುಕೊಂಡಿಲ್ಲ. ಅವರು ಇಂಡಿಯಾ ವಿರುದ್ಧ ಆಡಿದರೂ ಇವನು ಅವರ ಕಡೆಯೇ! ಒಮ್ಮೆ ಟೀ ಅಂಗಡಿಯಲ್ಲಿ ಏಟು ತಿನ್ನುವುದು ಸ್ವಲ್ಪದರಲ್ಲಿ ತಪ್ಪಿತು. ಅವರ ಟೋಪಿಯ ಬಣ್ಣ ಮರೂನು ತಾನೇ? ಇವನ ಅಂಗಡಿಯಿಂದ ಹೊರಡುವ ಗೇಟೆಲ್ಲ ಮರೂನೇ. ಗಿರಾಕಿ ಹಸಿರು ಹೇಳಿರಲಿ, ನೀಲಿ ಹೇಳಿರಲಿ, ಈ ಬಿಸಿಲಿಗೆ ಅದು ಬಾಳಿಕೆ ಬರುವುದಿಲ್ಲ ಎಂದು ಮರೂನು ಬಳಿದು ಕಳಿಸುತ್ತಾನೆ. ಕಲ್ಯಾಣದುರ್ಗದ ಒಂದು ಬೀದಿಯಲ್ಲಂತೂ ಈಗ ಇಡೀ ತಂಡವೇ ಸಾಲಾಗಿ ನಿಂತ ಹಾಗೆ ಕಾಣುತ್ತದೆ.

ಇಂಥವನಿಗೆ ಯಾರೋ ಸ್ಮಾರ್ಟ್ ಫೋನು ಕೊಡಿಸಿದರು. ಕೇಳಬೇಕೆ? ಕ್ರಿಕೆಟ್ ಹುಡುಕಲು ಹೋಗಿ ಅಡುಗೆಗೆ ಸಿಕ್ಕಿಬಿದ್ದ. ಯಾವುದೋ ಕೆರಿಬಿಯನ್ ದ್ವೀಪದ ಒಬ್ಬ ಅಜ್ಜಿ ತಲೆಗೆ ಬಟ್ಟೆ ಕಟ್ಟಿಕೊಂಡು, ಹಂದಿಯ ಇಡೀ ತೊಡೆಗೆ ಬೆಳ್ಳುಳ್ಳಿ, ಹುಳಿ ಕಿತ್ತಳೆಯ ರಸ, ಎಂಥದೋ ಸೊಪ್ಪು ಮೆತ್ತಿ ಬೆಂಕಿಯಲ್ಲಿ ಗಂಟೆಗಟ್ಟಲೆ ಸುಡುತ್ತಾಳೆ. ಕೊನೆಗೆ ಚಾಕುವಿನ ಹಿಂಬದಿಯಿಂದ ಚರ್ಮದ ಮೇಲೆ ತಟ್ಟಿದರೆ ಹಪ್ಪಳದ ಸದ್ದು. ಆಕೆ ಆಡುವುದು ಸ್ಪ್ಯಾನಿಷ್. ಚಿಕ್ಕಪ್ಪನಿಗೆ ಬರುವುದು ಕನ್ನಡ ಮತ್ತು ತೆಲುಗು. ಆದರೂ ಇಬ್ಬರ ಮಾತುಕತೆಗೆ ಯಾವ ತೊಂದರೆಯೂ ಇಲ್ಲ! ಆಕೆ ಏನೋ ಅಂದರೆ ಇವನು ಹೂಂಗುಟ್ಟುತ್ತಾ ತಲೆಯಾಡಿಸುತ್ತಾನೆ. ಏನಂದಳು ಎಂದು ನಾನೊಮ್ಮೆ ಕೇಳಿದೆ.

"ಬೆಳ್ಳುಳ್ಳಿ ಕಮ್ಮಿ ಹಾಕೋನ್ನ ಮನೆ ಒಳಕ್ಕೇ ಬಿಡಬ್ಯಾಡಿ ಅಂತಾವಳೆ."

ಆ ದ್ವೀಪದವರು ಕ್ರಿಕೆಟ್ಟೇ ಆಡುವುದಿಲ್ಲವಂತೆ ಎಂದು ನನ್ನ ಗಂಡ ಹುಡುಕಿ ತೋರಿಸಿದರು. ಚಿಕ್ಕಪ್ಪ ಫೋನು ವಾಪಸ್ ಕಿತ್ತುಕೊಂಡು, ಪಾಪ, ಅಲ್ಲಿ ಮೈದಾನ ಇರಲಿಕ್ಕಿಲ್ಲ ಅಂದ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಆ ಅಜ್ಜಿಯ ಹಾಗೆ ತೊಡೆ ಸುಡಲು ಅವನು ಆರಿಸಿಕೊಂಡ ಜಾಗ ಯಾವುದು ಗೊತ್ತೆ? ಹಿಂದೂಪುರದ ನನ್ನ ಬಾಡಿಗೆ ಮನೆ!

ನಾನು ಮೊದಲೇ ಗಾಬರಿಯ ಹೆಂಗಸು. ಬ್ಲೌಸ್ ಹೊಲಿಯುವುದು ನನ್ನ ಕಸುಬು. ಕತ್ತರಿ ಹಾಕುವ ಮುಂಚೆ ಅಳತೆಯನ್ನು ಮತ್ತೆ ಮತ್ತೆ ನೋಡುತ್ತೇನೆ, ಹಾಕಿದ ಮೇಲೂ ನೋಡುತ್ತೇನೆ. ಕುಕ್ಕರ್ ಕೂಗಿದರೆ ಬೆಚ್ಚುತ್ತೇನೆ, ಕೂಗದಿದ್ದರೆ ಇನ್ನೂ ಬೆಚ್ಚುತ್ತೇನೆ. ಅಂಥ ನನ್ನ ಮನೆಯ ಮುಂದಿನ ಕೋಣೆಯಲ್ಲಿ ಆಗ ಚಿಕ್ಕಮ್ಮ ಮಲಗಿದ್ದಳು.

ಚಿಕ್ಕಮ್ಮ ಅಂದರೆ ಇದೇ ಚಿಕ್ಕಪ್ಪನ ಹೆಂಡತಿ. ಬೆಂಗಳೂರಿನಲ್ಲಿ ಅವಳಿಗೆ ದೊಡ್ಡ ಆಪರೇಷನ್ ಆಗಿತ್ತು. ಕಲ್ಯಾಣದುರ್ಗದಿಂದ ಓಡಾಡುವುದು ಕಷ್ಟವೆಂದು ನನ್ನ ಮನೆಯಲ್ಲೇ ಇಟ್ಟುಕೊಂಡಿದ್ದೆ. ಗಾಯ ಮಾಗಿತು, ಊಟ ಮಾತ್ರ ಸೇರಲಿಲ್ಲ. ಅಂಬಲಿ, ಉಗ್ಗಾನಿ, ಒಬ್ಬಟ್ಟು, ನಾಟಿಕೋಳಿ ಸಾರು, ಏನು ಮಾಡಿಕೊಟ್ಟರೂ ಎರಡು ತುತ್ತಿಗೆ ಮುಖ ತಿರುಗಿಸುತ್ತಿದ್ದಳು. ಒಗ್ಗರಣೆಯ ವಾಸನೆ ಬಂದರೆ ಸಾಕು, ವಾಂತಿ. ಮುಂದಿನ ಸಲ ಕರೆದುಕೊಂಡು ಬರುವಷ್ಟರಲ್ಲಿ ಮೈಗೆ ಶಕ್ತಿ ಬಂದಿರದಿದ್ದರೆ ಉಳಿದ ಚಿಕಿತ್ಸೆ ಶುರು ಮಾಡಲಾಗುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಏನು ಕೊಡಬೇಕು ಎಂದು ಕೇಳಿದರೆ, ಚೆನ್ನಾಗಿ ಬೆಂದದ್ದು ಯಾವುದಾದರೂ ಸರಿ, ಆಸೆಪಟ್ಟು ತಿಂದರೆ ಸಾಕು ಅಂದರು. ಆಸೆಯನ್ನು ಯಾವ ಅಂಗಡಿಯಿಂದ ತರುವುದು? ದಿನಾ ಬೆಳಿಗ್ಗೆ ಏನು ತಿನ್ನಬೇಕು ಅನ್ನಿಸುತ್ತದೆ ಎಂದು ಕೇಳುತ್ತಿದ್ದೆ. ಏನೂ ಇಲ್ಲ ಕಣಮ್ಮ ಅನ್ನುತ್ತಿದ್ದಳು. ಅವಳ ಬ್ಲೌಸಿನ ಅಳತೆ ನನಗೆ ಬಾಯಿಪಾಠ. ಅದೇ ಬ್ಲೌಸನ್ನು ತೊಡಿಸುವಾಗ ತೋಳಿನೊಳಗೆ ಅವಳ ಕೈಯ ಜೊತೆಗೆ ನನ್ನ ಇಡೀ ಕೈಯೂ ಹೋಗುತ್ತಿತ್ತು. ಬಚ್ಚಲಿಗೆ ಹೋಗಿ ಅತ್ತು ಬರುತ್ತಿದ್ದೆ.

ಇಂಥ ಹೊತ್ತಿನಲ್ಲಿ ಈ ಮನುಷ್ಯನಿಗೆ ಹಂದಿ ಸುಡುವ ಹುಚ್ಚು! ಅದೂ ಹಂದಿ ಬಾಡನ್ನು ಒಮ್ಮೆಯೂ ಮುಟ್ಟದ ಹೆಂಡತಿಯ ಪಕ್ಕದಲ್ಲಿ! ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ನಮ್ಮ ಮನೆತನದಲ್ಲಿ ಹಂದಿ ಹೊಸ್ತಿಲು ದಾಟಿ ಒಳಗೆ ಬಂದದ್ದಿಲ್ಲ. ಅದರ ಪಾತ್ರೆಯೇ ಬೇರೆ. ಹಿತ್ತಲಾಚೆಯ ಬೇವಿನ ಮರಕ್ಕೆ ನೇತು ಹಾಕಿರುತ್ತಿದ್ದರು. ಗಂಡಸರು ಹೊಲದಲ್ಲಿ ಕಲ್ಲು ಹೂಡಿ ಬೇಯಿಸಿ, ಅಲ್ಲೇ ತಿಂದು, ತೊಟ್ಟಿಯ ಹತ್ತಿರ ತಲೆಗೆ ನೀರು ಸುರಿದುಕೊಂಡೇ ಒಳಗೆ ಬರಬೇಕು. ಹೆಂಗಸರು ಬೇಯಿಸುವ ಹಾಗಿಲ್ಲ, ರುಚಿ ನೋಡುವ ಹಾಗಂತೂ ಇಲ್ಲವೇ ಇಲ್ಲ. ಚಿಕ್ಕವಳಿದ್ದಾಗ ನಾನೇ ನೋಡಿದ್ದೇನೆ. ಚಿಕ್ಕಪ್ಪ ತೊಟ್ಟಿಯ ಬಳಿ ಸ್ನಾನ ಮಾಡುತ್ತಿದ್ದರೆ ಚಿಕ್ಕಮ್ಮ ಟವಲು ಹಿಡಿದು ದೂರದಲ್ಲಿ ನಿಂತು, ಹೇಗಿತ್ತು ಎಂದು ಕೇಳುತ್ತಿದ್ದಳು. ಇವನು ಮೈ ಒರೆಸಿಕೊಳ್ಳುತ್ತಾ, ಖಾರ ಹೇಗಿತ್ತು, ಚರ್ಮ ಹಲ್ಲಿಗೆ ಹೇಗೆ ಸಿಕ್ಕಿತು ಎಂದು ಕಾಮೆಂಟರಿ ಕೊಡುತ್ತಿದ್ದ. ರೇಡಿಯೋ ಕೇಳಿ ಬೆಳೆದವನಲ್ಲವೇ!

ಸೋಮಂದೇಪಲ್ಲಿ ಹತ್ತಿರ ನನ್ನ ಗಂಡನ ಅಣ್ಣನ ತೋಟವಿದೆ, ಅಲ್ಲಿ ಹೋಗಿ ಎಷ್ಟು ಬೇಕಾದರೂ ಸುಟ್ಟುಕೋ ಎಂದು ಬೇಡಿಕೊಂಡೆ.

"ಇದು ಮನೇಲೇ ಆಗ್ಬೇಕು ಕಣಮ್ಮ," ಅಂದ. "ಅಜ್ಜಿ ಮನೇಲೇ ಮಾಡ್ತಾಳೆ."

ಅಜ್ಜಿಗೇನು, ಅವಳ ಮನೆಯ ಕೆಳಗೆ ಓನರಮ್ಮ ಇದ್ದಾರೆಯೇ? ನಮ್ಮ ಓನರಮ್ಮ ಮೊಟ್ಟೆಯನ್ನೂ ಮುಟ್ಟದವರು. ಕೋಳಿ ಮಾಡುವುದಾದರೆ ಕಿಟಕಿ ಹಾಕಿಕೊಂಡು ಮಾಡಿ ಎಂಬ ಷರತ್ತಿನ ಮೇಲೆ ಮಹಡಿ ಕೊಟ್ಟಿದ್ದರು. ಇನ್ನು ಹಂದಿ ಅಂದರೆ? ನಮ್ಮ ಸಾಮಾನೆಲ್ಲ ಬೀದಿಯಲ್ಲಿರುವ ಹಾಗೆ ನನಗೆ ಹಗಲಲ್ಲೇ ಕನಸು ಬೀಳತೊಡಗಿತು.

ಒಂದು ಬೆಳಿಗ್ಗೆ ಚಿಕ್ಕಪ್ಪ ಟೊಮೇಟೊ ಸಾಗಿಸುವ ಗಾಡಿಯಲ್ಲಿ ಡ್ರಮ್ಮಿನ ಜೊತೆ ಬಂದಿಳಿದ. ಹಳೇ ಡ್ರಮ್ಮನ್ನು ಉದ್ದಕ್ಕೆ ಸೀಳಿ, ಕೀಲು ಕೂಡಿಸಿ, ಒಳಗೆ ಜಾಲರಿ, ಕೆಳಗೆ ಕಾಲು ತಾನೇ ವೆಲ್ಡ್ ಮಾಡಿಕೊಂಡು ತಂದಿದ್ದ. ಬಣ್ಣ ಹೇಳಬೇಕೆ? ಅದನ್ನು ಮಹಡಿ ಹತ್ತಿಸುವಾಗ ಓನರಮ್ಮ ಹೊರಬಂದು ಏನೆಂದು ವಿಚಾರಿಸಿದರು. ನೀರು ಕಾಯಿಸುವ ಬಾಯ್ಲರ್ ಎಂದ. ಒಳ್ಳೆಯದಾಯಿತು, ಕಾಯಿಲೆಯವರಿಗೆ ಬಿಸಿನೀರು ಬೇಕೇ ಬೇಕು ಎಂದು ಅವರು ಮೆಚ್ಚಿದರು.

ತೊಡೆ ಬಂದದ್ದು ಕೊಡಿಕೊಂಡದ ಕಡೆಯಿಂದ. ಚೆಕ್‌ಪೋಸ್ಟ್ ಹತ್ತಿರದ ಢಾಬಾದವನೊಬ್ಬನ ಪರಿಚಯ ಹಿಡಿದು, ಚರ್ಮ ಸುಲಿಯದ ಇಡೀ ತೊಡೆಯನ್ನು ಹೇಳಿ ತರಿಸಿದ್ದ. ಹುಳಿ ಕಿತ್ತಳೆಗೆ ಬದಲು ಹೇರಳೆಕಾಯಿ ಸಿಕ್ಕಿತು. ಆ ಸೊಪ್ಪು? ನೋಡಿದರೆ ದೊಡ್ಡಪತ್ರೆಯ ವಾಸನೆ ಇರುವ ಹಾಗಿದೆ ಎಂದು ತೀರ್ಮಾನಿಸಿದ, ಫೋನು ನೋಡಿ! ದೊಡ್ಡಪತ್ರೆ ಇದ್ದದ್ದು ಓನರಮ್ಮನ ಕುಂಡದಲ್ಲಿ. ಕೆಳಗೆ ಹೋಗಿ, ಕೆಮ್ಮಿ, ಒಂದು ಹಿಡಿ ಸೊಪ್ಪು ಇಸಿದುಕೊಂಡು ಬಂದ. ಆ ತಾಯಿ ಪಾಪ, ಜೊತೆಗೆ ಜೇನುತುಪ್ಪವನ್ನೂ ಕೊಟ್ಟು ಕಳಿಸಿದ್ದರು. ಅದನ್ನೂ ಹಂದಿಗೆ ಸವರಿದ.

ಮಸಾಲೆ ಮೆತ್ತಿದ ತೊಡೆ ರಾತ್ರಿಯೆಲ್ಲ ತಣ್ಣಗೆ ನೆನೆಯಬೇಕಂತೆ. ಎಲ್ಲಿ? ನನ್ನ ಫ್ರಿಜ್ಜಿನಲ್ಲಿ! ದೇವರ ಹೂವನ್ನೂ ಇಡ್ಲಿ ಹಿಟ್ಟನ್ನೂ ಹೊರಗೆ ತೆಗೆದೆ. ಆದರೆ ಅಲ್ಲೇ ಓನರಮ್ಮನ ಹಾಲೂ ಇತ್ತು. ಅವರ ಫ್ರಿಜ್ಜು ಕೆಟ್ಟಿದ್ದರಿಂದ ನಮ್ಮದರಲ್ಲಿ ಇಡುತ್ತಿದ್ದರು. ನನ್ನ ಅವಸ್ಥೆ ಯಾರಿಗೂ ಬೇಡ. ತೊಡೆಗೆ ಪೇಪರು ಸುತ್ತಿ, ಕವರು ಸುತ್ತಿ, ಅದರ ಮೇಲೆ ಹಳೇ ದಿಂಬಿನ ಚೀಲ ಹಾಕಿದೆವು. ಬೆಳಿಗ್ಗೆ ಹಾಲಿಗೆ ಬಂದ ಓನರಮ್ಮ ಆ ಗಂಟನ್ನು ನೋಡಿ ಕಣ್ಣು ಕಿರಿದು ಮಾಡಿದರು. ನಾನು ಫ್ರಿಜ್ಜಿನ ಬಾಗಿಲು ಹಾಕಲು ಹೋದೆ. ಚಿಕ್ಕಪ್ಪ ಮಾತ್ರ ಸಲೀಸಾಗಿ, ಹಲಸಿನಹಣ್ಣು ಅಂದುಬಿಟ್ಟ.

"ರೊಂಡು ತೊನಲು ನಾಕೂ ಪೆಟ್ಟು ನಾಯನಾ," ಎಂದು ತಮಗೂ ಎರಡು ತೊಳೆ ಹೇಳಿಟ್ಟು, ಹಾಲು ತೆಗೆದುಕೊಂಡು ಇಳಿದು ಹೋದರು.

ಬಿಸಿಲೇರುವ ಹೊತ್ತಿಗೆ ಮಹಡಿಯ ಬಯಲಿನಲ್ಲಿ ಡ್ರಮ್ಮು ಹೊತ್ತಿಕೊಂಡಿತು. ಚಿಕ್ಕಮ್ಮನ ಕೋಣೆಯ ಕಿಟಕಿ ಅದಕ್ಕೇ ಎದುರು. ನಾನು ಹೋಗಿ ಕಿಟಕಿ ಹಾಕಿದೆ. ಚಿಕ್ಕಪ್ಪ ಬಂದು ತೆಗೆದ. ಮತ್ತೆ ಹಾಕಿದೆ, ಮತ್ತೆ ತೆಗೆದ. ಗಾಳಿ ಆಡಲಿ ಎನ್ನುತ್ತಾನೆ! ಬೆಳಿಗ್ಗೆ ಕುಡಿದ ನಾಲ್ಕು ಚಮಚ ಗಂಜಿಯೂ ಆಚೆ ಬಂದರೆ ನಾನೇನು ಮಾಡಲಿ ಎಂದು ಕೂಗಾಡಿದೆ. ಅವನು ಒಂದು ತುಂಡು ರಟ್ಟು ಹಿಡಿದು ಹೊಗೆ ಬೀಸುತ್ತಿದ್ದ, ಬೇರೆ ಕಡೆಗಲ್ಲ, ಕಿಟಕಿಯ ಕಡೆಗೇ! ಇವನಿಗೆ ನಿಜವಾಗಿಯೂ ತಲೆ ಕೆಟ್ಟಿದೆ ಅಂದುಕೊಂಡೆ.

ನಾನು ಬೇಸಿನ್ ಹಿಡಿದು ಚಿಕ್ಕಮ್ಮನ ಮಂಚದ ಪಕ್ಕ ಕಾವಲು ನಿಂತೆ. ಮೊದಲು ಬೆಳ್ಳುಳ್ಳಿಯ ವಾಸನೆ ಬಂತು, ಹಿಂದೆಯೇ ದೊಡ್ಡಪತ್ರೆಯದು. ಆಮೇಲೆ ಕೊಬ್ಬು ಕರಗಿ ಕೆಂಡಕ್ಕೆ ಬೀಳುವ ಚುಯ್ ಸದ್ದು ಮತ್ತು ಅದರ ಘಮ. ಚಿಕ್ಕಮ್ಮ ದಿಂಬಿನಿಂದ ತಲೆ ಎತ್ತಿದಳು. ವಾಂತಿಯೇ ಬಂತೆಂದು ಬೇಸಿನ್ ಮುಂದೆ ಹಿಡಿದೆ. ಅವಳು ಅದನ್ನು ಪಕ್ಕಕ್ಕೆ ತಳ್ಳಿ, ತಾನೇ ಎದ್ದು ಗೋಡೆಗೆ ಒರಗಿ ಕೂತಳು.

ಸರಿಯಾಗಿ ಅದೇ ಹೊತ್ತಿಗೆ ಮೆಟ್ಟಿಲ ಮೇಲೆ ಓನರಮ್ಮನ ಬಳೆ ಸದ್ದು! ನಾನು ಹೊರಗೆ ಓಡಿದೆ. ಅವರು ಮೂಗಿಗೆ ಸೆರಗು ಹಿಡಿದು ಡ್ರಮ್ಮನ್ನೂ ಚಿಕ್ಕಪ್ಪನನ್ನೂ ನೋಡಿ, ಇದೆಂಥ ವಾಸನೆ ಎಂದು ಕೇಳಿದರು. ಹಲಸಿನ ಬೀಜ ಸುಡುತ್ತಿದ್ದೇವೆ ಎನ್ನಲು ಬಾಯಿ ತೆರೆದೆ. ನನ್ನ ದನಿ ಹೊರಡುವ ಮುಂಚೆ ಕಿಟಕಿಯೊಳಗಿಂದ ಇನ್ನೊಂದು ದನಿ ಬಂತು.

"ಹಂದಿ ಬಾಡು ಕಣಮ್ಮ," ಅಂದಳು ಚಿಕ್ಕಮ್ಮ. "ನಂಗೆ."

ಓನರಮ್ಮ ಕಿಟಕಿಯ ಕಡೆ ತಿರುಗಿದರು. ನಮ್ಮ ಮನೆಗೆ ಬಂದಾಗಿನಿಂದ ಚಿಕ್ಕಮ್ಮ ಎದ್ದು ಕೂತಿದ್ದನ್ನು ಅವರು ಕಂಡಿರಲಿಲ್ಲ. ಮೂಗಿನಿಂದ ಸೆರಗು ಇಳಿಸಿದರು.

"ತಿನನೀಲೇಮ್ಮಾ," ಅಂದರು. ತಿನ್ನಲಿ ಬಿಡು ಎಂದು ಇಳಿದು ಹೋದವರು ಕೊನೇ ಮೆಟ್ಟಿಲಿಂದ ಕತ್ತೆತ್ತಿ, ನಾಳೆಯಿಂದ ತಮ್ಮ ಹಾಲನ್ನು ಪಕ್ಕದ ಮನೆಯಲ್ಲಿ ಇಡುವುದಾಗಿ ತಿಳಿಸಿದರು.

ನಾನು ಹೋಗಿ ಡ್ರಮ್ಮಿನ ಪಕ್ಕ ಕೂತೆ. ಚಿಕ್ಕಮ್ಮ ಹಂದಿ ತಿನ್ನುವುದೆಂದರೇನು? ಯಾವಾಗಿನಿಂದ? ಚಿಕ್ಕಪ್ಪ ಬೆಂಕಿಯಿಂದ ಕಣ್ಣು ತೆಗೆಯಲಿಲ್ಲ. ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗುವ ಮುಂಚೆ ಏನು ಬೇಕು ಎಂದು ಇವನು ಕೇಳಿದನಂತೆ. ಒಂದು ಸಲವಾದರೂ ಆ ಚರ್ಮ ತಿಂದು ನೋಡಬೇಕಿತ್ತು ಎಂದಳಂತೆ ಚಿಕ್ಕಮ್ಮ. ಇಷ್ಟನ್ನು ಹೇಳಿ ರಟ್ಟು ಕೆಳಗಿಟ್ಟ.

"ಮದ್ವೆ ಆದಾಗಿಂದ ಪ್ರತೀ ಸಲ ಟವಲ್ ಹಿಡ್ಕಂಡು ಕೇಳೋಳು ಕಣಮ್ಮ, ತೊಗಲು ಹೆಂಗಿತ್ತು ಅಂತ. ನಾನೂ ಬಣ್ಣಿಸಿ ಬಣ್ಣಿಸಿ ಹೇಳ್ತಿದ್ದೆ. ಯಾಕ್ ಕೇಳ್ತಾವ್ಳೆ ಅಂತ ಹೊಳೀಲೇ ಇಲ್ಲ."

ಹೊಗೆ ಆಗ ನಮ್ಮ ಕಡೆ ತಿರುಗಿರಲಿಲ್ಲ. ಆದರೂ ಇಬ್ಬರೂ ಕಣ್ಣು ಒರೆಸಿಕೊಂಡೆವು. ಹೊಲದಲ್ಲಿ ಕಲ್ಲು ಹೂಡಿ ಬೇಯಿಸಿದ ಹಂದಿಯನ್ನು ತಿನ್ನು ಅಂದರೆ ಅವಳು ಖಂಡಿತ ಒಪ್ಪುತ್ತಿರಲಿಲ್ಲ. ಆ ಅಜ್ಜಿಯ ಹಾಗೆ ಹೆಂಗಸರೂ ಮನೆಯಲ್ಲೇ ಮಾಡುವಂಥದ್ದಾದರೆ ಒಪ್ಪಬಹುದು ಎಂಬುದು ಚಿಕ್ಕಪ್ಪನ ಲೆಕ್ಕ. ಅವನ ಲೆಕ್ಕ ಸರಿಯಿದ್ದದ್ದನ್ನು ಇದೇ ಮೊದಲು ಕಂಡೆ!

ಸಂಜೆಗೆ ಸ್ವಲ್ಪ ಮುಂಚೆ ಚಾಕುವಿನಿಂದ ತಟ್ಟಿದ. ಹಪ್ಪಳದ ಸದ್ದೇ ಬಂತು. ಚರ್ಮದ ಒಂದು ಚೂರು, ಎಲ್ಲಿ ಮುಟ್ಟಿದರೂ ಎಳೆಎಳೆಯಾಗಿ ಬಿಡುತ್ತಿದ್ದ ಬಾಡಿನ ಒಂದಿಷ್ಟು, ಸ್ಟೀಲಿನ ತಟ್ಟೆಗೆ ಹಾಕಿಕೊಂಡು ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತ. ಆಮೇಲೆ ದಾಟಿದ. ತಾನು ಒಂದು ಚೂರೂ ಬಾಯಿಗೆ ಹಾಕಿರಲಿಲ್ಲ.

ಚಿಕ್ಕಮ್ಮ ಕೈ ತೊಳೆಸಿಕೊಂಡು ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡಳು. ಚರ್ಮ ಮುರಿಯುವ ಸದ್ದು ಬಾಗಿಲಲ್ಲಿದ್ದ ನನಗೂ ಕೇಳಿಸಿತು. ಕಣ್ಣು ಮುಚ್ಚಿ ಅಗಿಯತೊಡಗಿದಳು. ನಾನು ಬೇಸಿನ್ ಎಲ್ಲಿಟ್ಟೆ ಎಂದು ಹುಡುಕಿದೆ, ಮನೆ ತುಂಬ ಹುಡುಕಿದರೂ ಸಿಗಲಿಲ್ಲ. ಚಿಕ್ಕಪ್ಪ ಗೂಟದಲ್ಲಿದ್ದ ಟವಲು ತೆಗೆದುಕೊಂಡು ಮಂಚದಿಂದ ಸ್ವಲ್ಪ ದೂರದಲ್ಲಿ ನಿಂತ.

"ಹೆಂಗೈತೆ?" ಅಂದ.

ಚಿಕ್ಕಮ್ಮ ಕಣ್ಣು ತೆರೆಯದೆ ತಟ್ಟೆಯಲ್ಲಿ ಕೈಯಾಡಿಸಿ ಇನ್ನೊಂದು ಚೂರು ತೆಗೆದುಕೊಂಡಳು.

"ಇರು," ಅಂದಳು. "ತಿಂದ್ಮೇಲೆ ಹೇಳ್ತೀನಿ."

ಅವನು ಟವಲು ಹಿಡಿದುಕೊಂಡು ನಿಂತೇ ಇದ್ದ.