ಪ್ರಶಸ್ತಿಯ ದಿನ ಮೌನವಾಗಿದ್ದ ಸೈರನ್ ಕುರಿತು ಸುರಕ್ಷತಾಧಿಕಾರಿಗಳಿಗೆ

ಸಮುದ್ರದೊಳಗಿನ ತೈಲಬಾವಿಗಳಿಗೂ ದಡದ ಎಣ್ಣೆ ತೊಟ್ಟಿಗಳಿಗೂ ಕಾವಲಾಗಿರುವ ಮಾನ್ಯ ಸುರಕ್ಷತಾಧಿಕಾರಿಗಳೇ,

ತೊಟ್ಟಿಗಳ ಗಾಳಿ ಸೋಕದ ದೂರದ ಬಡಾವಣೆಯಲ್ಲಿ ತಾವು ಸಕುಟುಂಬ ಕ್ಷೇಮವಾಗಿದ್ದೀರೆಂದು ನಂಬಿ, ಅದೇ ತೊಟ್ಟಿಗಳ ಬೇಲಿಗೆ ಬೆನ್ನು ಕೊಟ್ಟು ಅತ್ತೆಯೊಂದಿಗೆ ಲಾಂಡ್ರಿ ನಡೆಸುತ್ತಿರುವ ನಾನು ಗೌರವಪೂರ್ವಕ ನಮಸ್ಕಾರಗಳನ್ನು ಸಲ್ಲಿಸುತ್ತೇನೆ.

ನಮ್ಮ ಬೀದಿಯ ತುದಿಯಲ್ಲಿ ತಾವು ನಿಲ್ಲಿಸಿರುವ ಸೈರನ್ನಿಗೆ ನಾವು ಚಿರಋಣಿಗಳು. ಪರೀಕ್ಷೆಗೆಂದು ಅದು ಕೂಗಿ ಕೂಗಿ, ನನ್ನ ಮಗಳು ಅದನ್ನೇ ಜೋಗುಳವೆಂದು ತಿಳಿದು ನಿದ್ದೆ ಹೋಗುವಷ್ಟು ರೂಢಿಯಾಗಿದೆ. ಅತ್ತೆ ಮಾತ್ರ ಪ್ರತಿ ಸಲವೂ "ಪಾಪ, ಇದಕ್ಕೆ ಯಾರಾದ್ರೂ ಒಂದು ಗುಟುಕು ನೀರು ಕುಡಿಸ್ರೋ" ಎನ್ನುತ್ತಿದ್ದರು.

ತಮ್ಮ ಸಂಸ್ಥೆ ಸುರಕ್ಷತಾ ಪ್ರಶಸ್ತಿ ಸ್ವೀಕರಿಸಿದ ಬೆಳಿಗ್ಗೆ, ಅತಿಥಿಗಳ ಭಾಷಣದ ನಡುವೆ ಸೈರನ್ ಬಾಯಿ ಹಾಕಬಾರದೆಂದು ತಾವು ಅದರ ತಂತಿ ಬಿಚ್ಚಿಸಿ, ಹೊಸ ಬಣ್ಣ ಬಳಿಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿದ್ದು ತಮ್ಮ ದೂರದೃಷ್ಟಿಗೆ ಸಾಕ್ಷಿ. ಆದರೆ ಸಮುದ್ರದಿಂದ ಎಣ್ಣೆ ತರುವ ಕೊಳವೆ, ತನಗೆ ಆಹ್ವಾನ ಬರಲಿಲ್ಲವೆಂಬ ಸಿಟ್ಟಿಗೋ ಏನೋ, ಅದೇ ಹೊತ್ತಿಗೆ ಒಡೆದು, ಎಣ್ಣೆಯ ಜೊತೆಗೆ ವಿಷಾನಿಲವನ್ನೂ ಕಾರಿತು.

ಹಿತ್ತಲಿನಲ್ಲಿ ಹಾಸಿಗೆಯ ಹೊದಿಕೆ ಒಣಹಾಕುತ್ತಿದ್ದ ಅತ್ತೆ ಮೂಗು ಮೇಲೆತ್ತಿ, "ಕೊಳೆತ ಮೊಟ್ಟೆ ವಾಸ್ನೆ ಕಣೇ, ಬೇಲಿ ಕಡೆಯಿಂದ. ಮಗೂನ ಎತ್ಕೊಂಡು ಓಡು" ಎಂದರು. ನಾನು "ಸೈರನ್ ಕೂಗಿಲ್ವಲ್ಲ ಅತ್ತೆ" ಎಂದೆ. ತಮ್ಮ ತರಬೇತಿ ನನಗೆ ಅಷ್ಟು ಚೆನ್ನಾಗಿ ಮೈಗೂಡಿತ್ತು. ಅವರು ನನ್ನನ್ನು ಬಾಗಿಲಾಚೆ ನೂಕಿ, ಬಕೆಟ್ಟೊಂದನ್ನು ಬಡಿಯುತ್ತಾ ಬೀದಿಯುದ್ದಕ್ಕೂ ಓಡಿ ಎಲ್ಲರನ್ನೂ ಮೇಲಿನ ರಸ್ತೆಗೆ ಹತ್ತಿಸಿದರು. ಅಲ್ಲಿ ನಿಂತು ನೋಡಿದರೆ, ಕಿವಿ ಕೇಳದ ಪಕ್ಕದ ಮನೆಯ ದರ್ಜಿ ಇರಲಿಲ್ಲ. ಬೇಡವೆಂದು ನಾನು ಸೆರಗು ಹಿಡಿದೆಳೆದರೂ ಅತ್ತೆ ಬಿಡಿಸಿಕೊಂಡು, ಒದ್ದೆ ಟವೆಲ್ ಮುಖಕ್ಕೆ ಸುತ್ತಿ ಇಳಿದುಹೋದರು. ಅರ್ಧ ಹೊಲಿದ ಕಾಲರ್ ಹಾಳಾಯಿತೆಂದು ದಾರಿಯುದ್ದಕ್ಕೂ ಬೈಯುತ್ತಿದ್ದ ಮುದುಕನನ್ನು ರಟ್ಟೆ ಹಿಡಿದು ಎಳೆತಂದು, ನನ್ನ ಕಾಲ ಬಳಿಯೇ ಕುಸಿದುಬಿದ್ದರು.

ತಾವು ಪ್ರಶಸ್ತಿಯ ಬ್ಯಾಡ್ಜನ್ನೂ ತೆಗೆಯದೆ ಆಸ್ಪತ್ರೆಗೆ ಧಾವಿಸಿ, "ಸೈರನ್ ಕೆಟ್ಟಿರಲಿಲ್ಲಮ್ಮಾ, ಆಫ್ ಮಾಡಿದ್ವಿ ಅಷ್ಟೆ" ಎಂದು ಸಮಾಧಾನ ಹೇಳಿದ್ದನ್ನು ನಾನು ಮರೆಯಲಾರೆ. ಕೆಟ್ಟ ಸೈರನ್ನನ್ನು ನಂಬಿ ಬದುಕುತ್ತಿದ್ದೆವೆಂಬ ಅವಮಾನವೊಂದು ತಪ್ಪಿತು.

ಅತ್ತೆ ಉಳಿದರು, ಅವರ ಮೂಗು ಉಳಿಯಲಿಲ್ಲ. ಒಲೆಯ ಮೇಲೆ ಹಾಲು ಸೀದರೂ ತಿಳಿಯುವುದಿಲ್ಲ. ಒಗೆದ ಬಟ್ಟೆಯನ್ನು ಮುಖಕ್ಕೊತ್ತಿಕೊಂಡು, ಒಂದು ಕ್ಷಣ ಕಾದು, ಸುಮ್ಮನೆ ಮಡಿಸಿಡುತ್ತಾರೆ. ಮೊಮ್ಮಗಳ ನೆತ್ತಿ ಮೂಸುವುದನ್ನು ಬಿಟ್ಟಿದ್ದಾರೆ. ಯಾಕೆಂದು ಕೇಳುವ ಧೈರ್ಯ ನನಗಿಲ್ಲ.

ಆದ್ದರಿಂದ ತಮ್ಮಲ್ಲಿ ಅರಿಕೆ: ಎಣ್ಣೆ ಮೆತ್ತಿದ ಸಮುದ್ರವನ್ನು ಬಿಡುವಾದಾಗ ನಮ್ಮ ಲಾಂಡ್ರಿಗೆ ಕಳುಹಿಸಿದರೆ ಒಗೆದು, ಇಸ್ತ್ರಿ ಮಾಡಿ, ತಮ್ಮ ಬಡಾವಣೆಗೇ ತಲುಪಿಸುತ್ತೇವೆ. ಮುಂದಿನ ಸೋರಿಕೆಯನ್ನು ದಯವಿಟ್ಟು ಸಮಾರಂಭಗಳಿಲ್ಲದ ದಿನ ಇಟ್ಟುಕೊಳ್ಳಿ. ಕೊಳವೆಗೆ ತೇಪೆ ಹಾಕುವ ತಮ್ಮ ಗುತ್ತಿಗೆದಾರರಲ್ಲಿ ಮೂಗು ರಿಪೇರಿ ಬಲ್ಲವರಿದ್ದರೆ, ಅವರನ್ನೂ ಒಮ್ಮೆ ಇತ್ತ ಕಳುಹಿಸಿಕೊಡಿ.

ಬೇರೆ ದಾರಿಯಿಲ್ಲದೆ ಇಂದಿಗೂ
ತಮ್ಮ ವಿಶ್ವಾಸಿ,
ಬೇಲಿಯಂಚಿನ ಲಾಂಡ್ರಿಯ ಸೊಸೆ

ತಾ.ಕ.: ಸಹಿ ಹಾಕುವಷ್ಟರಲ್ಲಿ ತಮ್ಮ ಸೈರನ್ ಕೂಗತೊಡಗಿದೆ. ಅತ್ತೆ ಹಿತ್ತಲಿಗೆ ಹೋಗಿ, ಬಹಳ ಹೊತ್ತು ಮೂಗು ಮೇಲೆತ್ತಿ ನಿಂತು, ಏನೂ ತಿಳಿಯದೆ ನನ್ನ ಮುಖ ನೋಡುತ್ತಿದ್ದಾರೆ. ಇದು ಪರೀಕ್ಷೆಯೋ ನಿಜವೋ ಎಂಬುದನ್ನು ಮರುಟಪಾಲಿನಲ್ಲಿ ತಿಳಿಸಬೇಕಾಗಿ ಪ್ರಾರ್ಥನೆ. ಅಲ್ಲಿಯವರೆಗೆ ನಮ್ಮ ವಿಳಾಸ: ಮೇಲಿನ ರಸ್ತೆ.